ಜಾರುಕೀಲಿಮಣೆಯ ಕ್ರಯಮೀಮಾಂಸೆ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪೂರ್ವಾಚಾರ್ಯರ ಸಂಪ್ರದಾಯವಾದ ಕಾರಣ, ಪ್ರಕೃತ ಗ್ರಂಥಕರ್ತನೂ ಆ ಋಣವನ್ನು ಮೊದಲೇ ತೀರಿಸಿಬಿಡುತ್ತಾನೆ. ವಿಷಯವೆಂದರೆ, ಮುಖದಲ್ಲಿ ಗಾಜಿನ ತೆರೆಯನ್ನೂ ಉದರದಲ್ಲಿ ಅಕ್ಷರದ ಗುಂಡಿಗಳನ್ನೂ ಧರಿಸಿ, ಹೆಬ್ಬೆರಳು ನೂಕಿದೊಡನೆ ಜಾರಿ ಬಾಯ್ದೆರೆಯುವ ಸ್ಮಾರ್ಟ್‌ಫೋನು. ಅಧಿಕಾರಿಯೆಂದರೆ, ಹರಿಹರದಲ್ಲಿ ಮನೆಯೂ ದಾವಣಗೆರೆಯಲ್ಲಿ ನೌಕರಿಯೂ ಉಳ್ಳವನಾಗಿ, ಸಂಬಳವಾದ ಸಂಜೆ ಮನೆಯಲ್ಲಿ ತಿಳಿಸದೆ ಮೊಬೈಲಂಗಡಿಯ ಮೆಟ್ಟಿಲೇರುವವನು. ಇವರಿಬ್ಬರ ಸಂಬಂಧವು ಕಂತಿನದು. ಪ್ರಯೋಜನವೇನೆಂಬುದೇ ವಿವಾದಾಂಶ.

ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ೨೦೦೮ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊತ್ತಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್‌ಗೆ ಐದು ಸಾಲಿನ ಕೀಲಿಮಣೆಯಿದ್ದದ್ದು ಶೋಭಾರ್ಥವಾಗಿ ಅಲ್ಲ. ತೆರೆಯ ಮೇಲೆಯೇ ಒತ್ತಿ ಬರೆಯುವ ಸೌಕರ್ಯವು ಆ ತಂತ್ರಾಂಶದಲ್ಲಿ ೨೦೦೯ರ ೧.೫ನೆಯ ಆವೃತ್ತಿಯವರೆಗೆ ಅವತರಿಸಿರಲೇ ಇಲ್ಲವಾಗಿ, ಗುಂಡಿಗಳ ಹೊರತು ಅನ್ಯಗತಿಯಿರಲಿಲ್ಲ. ಅದೇ ೨೦೦೯ರ ಜೂನಿನಲ್ಲಿ ಬಂದ ನೋಕಿಯಾ ಎನ್-೯೭ ಎಂಬುದು ೩೨ ಜಿಬಿ ಸಂಗ್ರಹವನ್ನೂ, ಮೃದುಸ್ಪರ್ಶಕ್ಕಿಂತ ಉಗುರಿನ ಒತ್ತಡಕ್ಕೇ ಹೆಚ್ಚು ಮರ್ಯಾದೆ ಕೊಡುವ ತೆರೆಯನ್ನೂ ಹೊಂದಿ, ಮೂರೇ ಸಾಲಿನಲ್ಲಿ ಸಕಲ ಇಂಗ್ಲಿಷ್ ಅಕ್ಷರಗಳನ್ನು ಅಡಗಿಸುವ ಸಾಹಸದಲ್ಲಿ ಸ್ಪೇಸ್‌ಬಾರನ್ನು ಬಲಗಡೆಗೆ ಗಡೀಪಾರು ಮಾಡಿತ್ತು.

ಈ ಯಂತ್ರದ ಚಲನೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಗಹನವಾದ ಪ್ರಶ್ನೆ. ಕಣಾದನ ಅನುಯಾಯಿಗಳಾದ ವೈಶೇಷಿಕರು ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನ ಎಂದು ಕರ್ಮವನ್ನು ಐದು ಬಗೆಯಾಗಿ ಎಣಿಸಿದ್ದಾರಷ್ಟೆ. ಡ್ರೀಮ್‌ನ ತೆರೆ ತುಸು ಬಳಸಿಕೊಂಡು ಸರಿದು ನಿಲ್ಲುವುದರಿಂದ ಅದು ಪ್ರಸಾರಣವೆಂಬುದು ನಿರ್ವಿವಾದ. ಎನ್-೯೭ರ ತೆರೆಯಾದರೋ ಮೊದಲು ಜಾರಿ, ಬಳಿಕ ಓರೆಯಾಗಿ ತಲೆಯೆತ್ತುವುದರಿಂದ, ಪ್ರಸಾರಣವೂ ಉತ್ಕ್ಷೇಪಣವೂ ಒಂದೇ ಚಲನೆಯಲ್ಲಿ ಸಂಭವಿಸಿ ಕಣಾದಮತಕ್ಕೇ ಕಂಟಕ ಒದಗುತ್ತದೆ. ಕಿಸೆಯಲ್ಲಿದ್ದಾಗ ತಾನಾಗಿ ಬಾಯ್ಬಿಡುವುದಕ್ಕೆ ಆರನೆಯ ಕರ್ಮವೊಂದನ್ನು ಒಪ್ಪಬೇಕೆಂದು ಕೆಲವರು ವಾದಿಸುವರು. ಅದು ಅನಗತ್ಯ ಕಲ್ಪನೆಯೆಂಬ ಗೌರವದೋಷವೆಂದು ನಾವು ತಳ್ಳಿಹಾಕಿದ್ದೇವೆ.

ಇನ್ನು ಸ್ಪರ್ಶವಾದಿಗಳಿಗೂ ಗುಂಡಿವಾದಿಗಳಿಗೂ ನಡೆದ ಕಲಹ. ಹರಿಹರದವನಿಗೆ ಇಂಥ ಕಲಹ ಹೊಸತೇ? ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಗುಡಿಯೊಳಗೆ ಬಲಕ್ಕೆ ಹರನೂ ಎಡಕ್ಕೆ ಹರಿಯೂ ಒಂದೇ ವಿಗ್ರಹವಾಗಿ ನಿಂತಿರುವುದನ್ನು ಬಾಲ್ಯದಿಂದ ಕಂಡವನು, ಎರಡರಲ್ಲೊಂದನ್ನು ಆರಿಸಿಕೊಳ್ಳುವ ದಾರಿದ್ರ್ಯಕ್ಕಿಂತ ಎರಡನ್ನೂ ಒಂದೇ ದೇಹದಲ್ಲಿ ಕೊಳ್ಳುವುದು ಲೇಸೆಂದು ಬಗೆದದ್ದು ಸಹಜವೇ. ಆದರೆ ಪೋಲಾಳ್ವನ ಶಿಲ್ಪಿಗಳು ಹರಿಗೂ ಹರನಿಗೂ ನಡುವೆ ಸ್ಪ್ರಿಂಗ್ ಇಟ್ಟಿರಲಿಲ್ಲವೆಂಬ ಸೂಕ್ಷ್ಮಭೇದವನ್ನು ವಾಚಕರು ಗಮನಿಸತಕ್ಕದ್ದು.

ಕ್ರಯಕಾಂಡವು ದಾವಣಗೆರೆಯ ಅಂಗಡಿಯೊಂದರಲ್ಲಿ ಜರುಗುತ್ತದೆ. ತಂತ್ರಾಂಶದ ವಿಚಾರ ಅಲ್ಲಿ ಏಳುವುದಿಲ್ಲ. ಅಂಗಡಿಯವನು ಸೆಟ್ಟನ್ನು ಕಿವಿಯ ಬಳಿ ಹಿಡಿದು ಒಮ್ಮೆ ತೆರೆದು, ಒಮ್ಮೆ ಮುಚ್ಚಿ, "ಸೌಂಡ್ ಕೇಳ್ರಿ ಸಾರ್, ಚೈನಾ ಸೆಟ್ನ್ಯಾಗೆ ಹಿಂಗ್ ಬರಂಗಿಲ್ಲ" ಎನ್ನುತ್ತಾನೆ. ಪ್ರತ್ಯಕ್ಷಾದಿ ಪ್ರಮಾಣಗಳೆಲ್ಲ ಆ ಒಂದು 'ಟಕ್' ಶಬ್ದದ ಮುಂದೆ ನಿಸ್ತೇಜವಾಗುವುವು. ಕ್ರೇತೃವು "ಕೊನೇ ರೇಟ್ ಹೇಳ್ರಿ" ಎಂದು ಪೂರ್ವಪಕ್ಷವನ್ನು ಮಂಡಿಸಲು, ಬಿಲ್ಲು ಬೇಕೋ ಬೇಡವೋ ಎಂಬ ಪ್ರತಿಪ್ರಶ್ನೆಯಿಂದ ಅದು ಖಂಡಿತವಾಗಿ, ಪೌಚೂ ಸ್ಕ್ರೀನ್ ಗಾರ್ಡೂ ಪುಕ್ಕಟೆ ಎಂಬಲ್ಲಿ ಸಿದ್ಧಾಂತವು ನೆಲೆಗೊಳ್ಳುತ್ತದೆ. ಸ್ಕ್ರೀನ್ ಗಾರ್ಡಿನ ಒಂದು ಮೂಲೆಯಲ್ಲಿ ಗಾಳಿಗುಳ್ಳೆ ಉಳಿಯತಕ್ಕದ್ದು. ಉಳಿಯದಿದ್ದಲ್ಲಿ ಕ್ರಯವು ಅಪೂರ್ಣವೆಂದು ಒಂದು ಪಾಠಾಂತರ.

ಅನಂತರ, ಬರವಣಿಗೆಗೆಂದೇ ಕೊಂಡ ಯಂತ್ರದಲ್ಲಿ ಏನನ್ನು ಬರೆದನೆಂಬ ಪ್ರಶ್ನೆ. ಕೆ. ಅನಂತಸುಬ್ಬರಾಯರು ಬೆರಳಚ್ಚು ಯಂತ್ರಕ್ಕೆ ಕನ್ನಡವನ್ನು ಕೂಡಿಸಿ ದಶಕಗಳೇ ಆಗಿದ್ದುವು. ಇಪ್ಪತ್ತಾರು ಇಂಗ್ಲಿಷ್ ಗುಂಡಿಗಳಲ್ಲಿಯೇ ಕನ್ನಡ ವರ್ಣಮಾಲೆಯನ್ನು ಹಿಡಿಸಬಹುದೆಂದು ಕೆ. ಪಿ. ರಾಯರೂ ತೋರಿಸಿಕೊಟ್ಟಿದ್ದರು. ಆದರೂ ಆ ಫೋನು ಕನ್ನಡವನ್ನು ಅರಿಯದು. ಕನ್ನಡಾಕ್ಷರಗಳಿರುವೆಡೆಯಲ್ಲೆಲ್ಲ ಚೌಕಡಬ್ಬಿಗಳ ಸಾಲನ್ನು ತೋರಿಸುತ್ತಿತ್ತು. ಒಪೆರಾ ಮಿನಿಯ ವಿಳಾಸದ ಜಾಗದಲ್ಲಿ ಒಂದು ಗುಪ್ತಮಂತ್ರವನ್ನು ಬರೆದು, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರವೆಂಬ ಸಾಲಿಗೆ ಸಮ್ಮತಿಯಿತ್ತರೆ ಮಾತ್ರ, ದೂರದ ಸರ್ವರೊಂದು ಕನ್ನಡವನ್ನು ಚಿತ್ರವಾಗಿ ಮಾರ್ಪಡಿಸಿ ಕಳುಹುತ್ತಿದ್ದಿತು. ಓದಲು ಇಷ್ಟು ತಪಸ್ಸಾದರೆ ಬರೆಯುವ ಮಾತು ದೂರವೇ ಉಳಿಯಿತು. ಆಂಡ್ರಾಯ್ಡ್‌ಗೆ ಕನ್ನಡ ಬರುವಾಗ ೨೦೧೨ ಆಗಿ, ಜಾರುವ ಕೀಲಿಮಣೆಗಳ ವಂಶವೇ ಕ್ಷೀಣಿಸಿತ್ತು. ಆದಕಾರಣ ನಮ್ಮ ಅಧಿಕಾರಿಯ ಸಮಗ್ರ ಸಾಹಿತ್ಯವು ರೋಮನ್ ಲಿಪಿಯ 'ಊಟ ಆಯ್ತಾ', 'ಬಸ್ ಹತ್ತಿದೆ' ಎಂಬ ಎರಡು ಕೃತಿಗಳಲ್ಲಿ ಪರ್ಯವಸಾನಗೊಂಡಿತು.

ಹಾಗಾದರೆ ಪ್ರಯೋಜನ? ಸಂಜೆಯ ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಬಾರದ ಸಂದೇಶವನ್ನು ನೋಡುವ ನೆಪದಿಂದ ಸೆಟ್ಟನ್ನು ತೆರೆಯುವನು, ಮುಚ್ಚುವನು, ಮತ್ತೆ ತೆರೆಯುವನು. ಪಕ್ಕದ ಸೀಟಿನ ಹಿರಿಯರು ಕಡೆಗೊಮ್ಮೆ, "ಏನಪ್ಪಾ ಅದು, ಕಂಪ್ಯೂಟ್ರಾ?" ಎಂದು ಕೇಳಿದ ಕ್ಷಣದಲ್ಲಿ ಕಂತಿನ ಅರ್ಧಭಾಗ ತೀರಿದಂತೆ ಲೆಕ್ಕ. ಅಕ್ಷರಕ್ಕಾಗಿ ಗುಂಡಿಯಲ್ಲ, ಜಾರುವಿಕೆಗಾಗಿ ಗುಂಡಿ ಎಂಬುದೇ ನಮ್ಮ ಸಿದ್ಧಾಂತ.

ಈ ಯಂತ್ರಕ್ಕೆ ಶತ್ರುಗಳು ಇಬ್ಬರು. ಒಬ್ಬನು ಮಂಡಕ್ಕಿ: ಖಾರ ಕಲಸಿದ ಮಂಡಕ್ಕಿಯನ್ನು ಮೆಲ್ಲುತ್ತ, ಮಿರ್ಚಿಯ ಎಣ್ಣೆ ಹತ್ತಿದ ಬೆರಳಿನಿಂದಲೇ ಉತ್ತರ ಬರೆಯಹೋದವನ ಗುಂಡಿಗಳ ಸಂದಿಯಲ್ಲಿ ಪುಟಾಣಿಹಿಟ್ಟು ಸೇರಿ, ಒತ್ತಿದ ಅಕ್ಷರ ಒಂದಕ್ಕೆ ಮೂರಾಗಿ ಬೀಳುತ್ತಿದ್ದಿತು. ಇನ್ನೊಬ್ಬನು ತೆರೆಗೂ ಗುಂಡಿಗೂ ನಡುವೆ ಹಾಯುವ ತೆಳು ತಂತುಪಟ್ಟಿ. ರಿಪೇರಿಯವರ ಪರಿಭಾಷೆಯಲ್ಲಿ 'ಸ್ಟ್ರಿಪ್'. ಪ್ರತಿ ಬಾರಿ ತೆರೆದಾಗಲೂ ಅದು ಮಡಿಸಿಕೊಳ್ಳುವುದರಿಂದ, ಪ್ರದರ್ಶನ ಹೆಚ್ಚಿದಷ್ಟೂ ಅದರ ಆಯುಷ್ಯ ತಗ್ಗುವುದು. ಒಂದು ದಿನ ತೆರೆ ಬೆಳ್ಳಗಾದಾಗ ಅಧಿಕಾರಿಯು ರಿಪೇರಿ ಅಂಗಡಿಗೆ ಹೋಗಲು, ಹುಡುಗನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಂಡಿಗಳನ್ನು ಉಜ್ಜಿ, ಸ್ಟ್ರಿಪ್ಪನ್ನು ಬದಲಿಸಿ, ಸೆಟ್ಟನ್ನು ಮುಚ್ಚಿ ಕೈಗಿತ್ತು ಹೇಳಿದನು: "ಇನ್ಮ್ಯಾಲೆ ತೆಗೀಬ್ಯಾಡ್ರಿ ಸಾರ್. ಹಿಂಗೇ ಮುಚ್ಚಿಟ್ಕೊಂಡ್ರೆ ಎರಡು ವರ್ಷ ಆರಾಮಾಗಿ ಬರ್ತತಿ."