ಎಡಕ್ಕೆ ಹೋದ್ರಾ, ಬಲಕ್ಕೆ ಹೋದ್ರಾ?

ಕ್ರಿಕೆಟ್ ನೋಡುವವರದು ಸುಖ. ಔಟಾದದ್ದನ್ನು ನೀವೂ ನೋಡಿರುತ್ತೀರಿ, ನಾನೂ ನೋಡಿರುತ್ತೇನೆ. ಜಗಳವೇನಿದ್ದರೂ ಅಂಪೈರನ ಮೇಲೆ. ಓರಿಯೆಂಟರಿಂಗಿನಲ್ಲಿ ಆ ಸೌಕರ್ಯವಿಲ್ಲ. ಕೈಯಲ್ಲೊಂದು ನಕ್ಷೆ, ಹೆಬ್ಬೆರಳಿಗೊಂದು ದಿಕ್ಸೂಚಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕಾಡಿಗೆ ನುಗ್ಗುತ್ತಾರೆ. ಗಂಟೆಯೋ ಒಂದೂವರೆ ಗಂಟೆಯೋ ಕಳೆದು ಇನ್ನೊಂದು ಕಡೆಯಿಂದ ಕೆಸರು ಮೆತ್ತಿಕೊಂಡು ಹೊರಬೀಳುತ್ತಾರೆ. ನಡುವೆ ಏನಾಯಿತೆಂದು ಕಂಡವರು ಯಾರೂ ಇಲ್ಲ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಕಥೆ ತಾವೇ ಹೇಳಬೇಕು, ಕೇಳುವುದಕ್ಕೆ ಇನ್ನೊಬ್ಬರು ಸಿಗಲೇಬೇಕು. ನನ್ನನ್ನು ಕೇಳಿದರೆ ಈ ಆಟದ ಅರ್ಧ ಭಾಗ ನಡೆಯುವುದೇ ಓಟ ಮುಗಿದ ಮೇಲೆ, ಹುಲ್ಲಿನ ಮೇಲೆ ಕಾಲು ಚಾಚಿ ಹೊಡೆಯುವ ಹರಟೆಯಲ್ಲಿ.

ನಾವು ಸೊರಬದ ಕಡೆಯವರು, ಸಂಸಾರ ಈಗ ಸ್ವೀಡನ್ನಿನಲ್ಲಿ. ಈ ಹುಚ್ಚು ಹಿಡಿಸಿದವರು ಬೇಲಿಯಾಚೆಯ ಮನೆಯ ಅಜ್ಜ. ಎಂಬತ್ತು ದಾಟಿದ್ದಾರೆ, ಈಗಲೂ ಓಡುತ್ತಾರೆ. ಸರಿ, ಬಿರುಸಾಗಿ ನಡೆಯುತ್ತಾರೆ ಅನ್ನಿ. ಹಿರಿಯರಿಗೆ ಇಲ್ಲಿ ಐದೈದು ವರ್ಷಕ್ಕೊಂದು ವಿಭಾಗ. ಎಂಬತ್ತರವರ ಗುಂಪಿನಲ್ಲಿ ಅಜ್ಜ ಈಚೆಗೆ ಹಿಂದೆ ಬೀಳುತ್ತಿದ್ದಾರೆ. ಅದಕ್ಕೆ 85 ಯಾವಾಗ ತುಂಬೀತೆಂದು ಕಾಯುತ್ತಿದ್ದಾರೆ: ಹೊಸ ಗುಂಪಿನಲ್ಲಿ ತಾನೇ ಎಲ್ಲರಿಗಿಂತ ಎಳೆಯನಾಗಬಹುದಲ್ಲ!

ಆಟದ ನಿಯಮ ಸಣ್ಣದು. ಹೊರಡುವ ಗಳಿಗೆಯ ತನಕ ನಕ್ಷೆ ಕೈಗೆ ಸಿಗುವುದಿಲ್ಲ. ಬೀಪ್ ಅಂದಾಗ ಎತ್ತಿಕೊಂಡು ಓಡುತ್ತಲೇ ಓದಿಕೊಳ್ಳಬೇಕು. ತ್ರಿಕೋನವಿದ್ದಲ್ಲಿ ಆರಂಭ; ನೇರಳೆ ವೃತ್ತವಿದ್ದಲ್ಲೆಲ್ಲ ಕಾಡಿನೊಳಗೆ ಕಿತ್ತಳೆ-ಬಿಳಿ ಬಟ್ಟೆಯ ಗುರುತು; ಜೋಡಿ ವೃತ್ತದಲ್ಲಿ ಮುಕ್ತಾಯ. ಗುರುತುಗಳನ್ನು ಹೇಳಿದ ಕ್ರಮದಲ್ಲೇ ಮುಟ್ಟಿ, ಬೆರಳಿನ ಎಲೆಕ್ಟ್ರಾನಿಕ್ ಕಡ್ಡಿಯನ್ನು ಅಲ್ಲಿನ ಪೆಟ್ಟಿಗೆಗೆ ತೂರಿಸಬೇಕು. ಒಂದು ತಪ್ಪಿದರೂ ಓಟ ಲೆಕ್ಕಕ್ಕಿಲ್ಲ. ಒಂದರಿಂದ ಇನ್ನೊಂದಕ್ಕೆ ಯಾವ ದಾರಿ ಅನ್ನುವುದು ಮಾತ್ರ ನಿಮಗೆ ಬಿಟ್ಟದ್ದು. ಗುಡ್ಡ ಹತ್ತಿ ನೇರ ಇಳಿಯುವುದೋ, ಕಾಲುದಾರಿ ಹಿಡಿದು ಸುತ್ತುವುದೋ? ಮನಸ್ತಾಪಗಳೆಲ್ಲ ಹುಟ್ಟುವುದು ಇಲ್ಲೇ.

ನಕ್ಷೆಯ ಬಣ್ಣಕ್ಕೆ ಒಗ್ಗಿಕೊಳ್ಳಲು ಮಲೆನಾಡಿನವರಿಗೆ ಕೊಂಚ ಹೊತ್ತು ಬೇಕು. ಓಡಬಹುದಾದ ಕಾಡೆಲ್ಲ ಇದರಲ್ಲಿ ಬಿಳಿ. ಹಸಿರು ದಟ್ಟವಾದಷ್ಟೂ ನುಸುಳುವುದು ಕಷ್ಟ. ಹಳದಿ ಎಂದರೆ ಬಯಲು. ಏರುತಗ್ಗು ತೋರಿಸುವ ಕಂದು ಗೆರೆ ಸಾಮಾನ್ಯವಾಗಿ 5 ಮೀಟರಿಗೊಂದು. ನಕ್ಷೆ ಬರೆಯುವ ಪುಣ್ಯಾತ್ಮರು ಕಾಡನ್ನೆಲ್ಲ ಕಾಲಲ್ಲಿ ಅಳೆದು, ಒಂದು ಮೀಟರ್ ಎತ್ತರದ ಬಂಡೆಯನ್ನೂ ಕಪ್ಪು ಚುಕ್ಕೆಯಾಗಿ ಇಟ್ಟಿರುತ್ತಾರೆ. ಇಷ್ಟಾದರೂ ಹೊರಬಿದ್ದವರ ಮೊದಲ ಮಾತು ನಕ್ಷೆಯೇ ತಪ್ಪು ಎಂದು. ನಮ್ಮವರು ಒಮ್ಮೆ "ಅಲ್ಲಿ ಜೌಗು ಇರಲೇ ಇಲ್ಲ ಕಣೇ" ಎಂದು ವಾದಿಸಿದರು, ಮೊಣಕಾಲ ತನಕ ಜೌಗಿನ ಕೆಸರು ಮೆತ್ತಿಕೊಂಡು. ಅಜ್ಜ ಅವರ ಕೈಯಿಂದ ಸಮಯದ ಚೀಟಿ ಇಸಿದುಕೊಂಡು ಓದಿದರು: "ಏಳನೆಯದಕ್ಕೆ ಹನ್ನೊಂದು ನಿಮಿಷವೇ? ಅಲ್ಲೇ ಕೂತು ಕಾಫಿ ಕುಡಿದೆಯೇನಪ್ಪ?"

ಸೈನಿಕರ ಕಸರತ್ತಾಗಿದ್ದ ಇದು ಸಾರ್ವಜನಿಕರ ಸ್ಪರ್ಧೆಯಾದದ್ದು 1897ರಲ್ಲಿ, ನಾರ್ವೆಯಲ್ಲಿ. ಸ್ವೀಡನ್ನಿನ ಮೇಜರ್ ಅರ್ನ್ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮಿನ ಪಕ್ಕದ ಕಾಡಿನಲ್ಲಿ ದೊಡ್ಡ ಪಂದ್ಯ ನಡೆಸಿದರು. ಇಲ್ಲಿಯವರು ಅವರನ್ನೇ ಆಟದ ಪಿತಾಮಹ ಅನ್ನುತ್ತಾರೆ. ನಾರ್ವೆಯವರ ಎದುರಿಗೆ ಈ ಮಾತು ಎತ್ತಬೇಡಿ.

ಕಾಡು ಯಾರದಾದರೂ ಇಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಬೆರಿಹಣ್ಣು ಕೀಳಬಹುದು. ಸೊಪ್ಪಿನಬೆಟ್ಟದ ಗಡಿಗಾಗಿ ಕೋರ್ಟು ಹತ್ತುವ ಊರಿನಿಂದ ಬಂದವಳಿಗೆ ಇದನ್ನು ನಂಬುವುದೇ ಕಷ್ಟವಾಗಿತ್ತು. 1965ರಲ್ಲಿ ಶುರುವಾದ ಓ-ರಿಂಗೆನ್ ಎಂಬ ಐದು ಓಟಗಳ ಜಾತ್ರೆ ಪ್ರತಿ ಬೇಸಿಗೆಗೆ ಬೇರೆ ಬೇರೆ ಊರಿನಲ್ಲಿ ನಡೆಯುತ್ತದೆ. ಹತ್ತು ಸಾವಿರಕ್ಕೂ ಮಿಕ್ಕಿ ಜನ ಗುಡಾರ, ಕ್ಯಾರವಾನ್ ಸಮೇತ ಬಂದು ಬೀಡುಬಿಡುತ್ತಾರೆ. ಹತ್ತು ವರ್ಷದ ಮಗುವಿಗೂ ಒಂದು ಹಾದಿ, ಅಜ್ಜನಿಗೂ ಒಂದು, ವಿಶ್ವ ಚಾಂಪಿಯನ್ನರಿಗೂ ಒಂದು, ಎಲ್ಲ ಅದೇ ಕಾಡಿನಲ್ಲಿ. ಕ್ರಿಕೆಟ್ ಅಭಿಮಾನಿಗೆ ಬುಮ್ರಾ ಚೆಂಡೆಸೆದ ಪಿಚ್ಚಿನ ಮೇಲೆ ಅದೇ ದಿನ ಆಡಲು ಬಿಡುತ್ತಾರೆಯೇ? ನನ್ನಂಥವಳಿಗೆ ಇಲ್ಲಿ ಬಿಡುತ್ತಾರೆ. ವಿಶ್ವ ಚಾಂಪಿಯನ್ ಟೂವೆ ಅಲೆಕ್ಸಾಂಡರ್‌ಸನ್ ಓಡಿದ ಇಳಿಜಾರಿನಲ್ಲಿ ನಾನು ಕುಳಿತುಕೊಂಡೇ ಜಾರಿ ಇಳಿದಿದ್ದೇನೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳದು ಒಂದೇ ಪ್ರಶ್ನೆ: "ಉಣುಗು ಹತ್ತಿಸ್ಕೊಂಡು ಬರೋಕೆ ದುಡ್ಡು ಬೇರೆ ಕೊಡ್ತೀರಾ?" ಅವಳ ಭಯ ಸುಳ್ಳಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದ ಕ್ಯಾಸನೂರು ನಮ್ಮ ತಾಲ್ಲೂಕಿನದೇ. ಇಲ್ಲಿಯ ಉಣುಗು ಹರಡುವ ಟಿಬಿಇ ಎಂಬ ಮೆದುಳು ಜ್ವರದ ವೈರಸ್ಸೂ ಅದೇ ಕುಲದ್ದು, ದಾಯಾದಿ ಅನ್ನಬಹುದು. ಕಾಡಿನಲ್ಲಿ ಓಡುವವರು ಅದಕ್ಕೆ ಲಸಿಕೆ ಹಾಕಿಸಿಕೊಳ್ಳುತ್ತಾರೆ, ಕಾಲು ಮುಚ್ಚುವ ಪ್ಯಾಂಟು ತೊಡುತ್ತಾರೆ, ಮನೆಗೆ ಬಂದಕೂಡಲೇ ಮೈಯೆಲ್ಲ ಹುಡುಕಿಕೊಳ್ಳುತ್ತಾರೆ. ಬೇಸಿಗೆ ಹತ್ತಿರವಾದಾಗ ಊರಿನಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಹಂಚುತ್ತಿದ್ದ ಡಿಎಂಪಿ ಎಣ್ಣೆಯ ಬಾಟಲಿ ನನಗೆ ನೆನಪಾಗುವುದು ಆ ಹೊತ್ತಿನಲ್ಲೇ.

ಇನ್ನು ನೋಡುವ ಸುಖ. ದೊಡ್ಡ ಪಂದ್ಯಗಳಲ್ಲಿ ಓಟಗಾರರ ಬೆನ್ನಿಗೆ ಜಿಪಿಎಸ್ ಕಟ್ಟುತ್ತಾರೆ. ನಾವು ಸೋಫಾದಲ್ಲಿ ಕೂತು ಪರದೆಯ ಮೇಲೆ ಬಣ್ಣದ ಚುಕ್ಕೆಗಳು ತೆವಳುವುದನ್ನು ನೋಡುತ್ತೇವೆ. ಬೇರೆಯವರಿಗೆ ಇದು ತಮಾಷೆ. ಆದರೆ ಮುಂದಿದ್ದ ಚುಕ್ಕೆ ಗುರುತಿನ ಹತ್ತಿರ ಬಂದು, ಇಪ್ಪತ್ತೇ ಮೀಟರ್ ಪಕ್ಕಕ್ಕೆ ಹಾದು, ಆಚೆ ಹೋಗಿಬಿಟ್ಟಾಗ ಕೂಗದೆ ಇರುವುದು ಹೇಗೆ? ಸೋಫಾದ ಮೇಲಿರುವವರೆಲ್ಲ ಪಂಡಿತರೇ. 23 ವಿಶ್ವ ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಸಿಮೋನೆ ನಿಗ್ಲಿಯವರ ಹಳೆಯ ಓಟಗಳನ್ನೂ ನಮ್ಮವರು ಚಹಾ ಕುಡಿಯುತ್ತ ತಿದ್ದಿಕೊಡುತ್ತಾರೆ.

ಚುಕ್ಕೆ ಎಲ್ಲವನ್ನೂ ಹೇಳುವುದಿಲ್ಲ ಎನ್ನುವುದಕ್ಕೆ ಅಜ್ಜ ಮತ್ತೆ ಮತ್ತೆ ಹೇಳುವ ಕಥೆ 2009ರದು. ಹಂಗೇರಿಯ ಮಿಷ್ಕೋಲ್ತ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್, ಪುರುಷರ ರಿಲೇಯ ಕೊನೆಯ ಸರದಿ. ಪದಕಕ್ಕೆ ಓಡುತ್ತಿದ್ದವರು ಮೈದಾನಕ್ಕೆ ಬರಲೇ ಇಲ್ಲ. ಕಾಡಿನೊಳಗೆ ಸ್ವೀಡನ್ನಿನ ಮಾರ್ಟಿನ್ ಯೊಹಾನ್ಸನ್ನರ ತೊಡೆಗೆ ಕೋಲು ಹೊಕ್ಕಿತ್ತು. ಫ್ರಾನ್ಸಿನ ತಿಯೆರಿ ಜೋರ್ಜು, ನಾರ್ವೆಯ ಆಂಡರ್ಸ್ ನೂರ್‌ಬರ್ಗ್, ಜೆಕ್ ದೇಶದ ಮಿಖಾಲ್ ಸ್ಮೋಲಾ ಮೂವರೂ ಓಟ ಬಿಟ್ಟು ಅವರ ನೆರವಿಗೆ ನಿಂತಿದ್ದರು. ಚಿನ್ನ ಸ್ವಿಸ್ ತಂಡಕ್ಕೆ ಹೋಯಿತು. ಅಜ್ಜನಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಿಲ್ಲದೆ ಓಡಿದ್ದರೆ ಆಮೇಲೆ ಯಾವ ಮುಖದಲ್ಲಿ ಕೂತು ಮಾತಾಡುತ್ತಿದ್ದರು ಅನ್ನುತ್ತಾರೆ.

ಊರಿನ ಬೀದಿಗಳಲ್ಲಿ ನಡೆಯುವ ಸ್ಪ್ರಿಂಟ್ ಓಟ ನನಗೆ ಹಿಡಿಸಿಲ್ಲ. ಹದಿನೈದು ನಿಮಿಷದಲ್ಲಿ ಮುಗಿದೇಹೋಗುತ್ತದೆ, ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ನನ್ನ ಮೆಚ್ಚಿನದು ಫಿನ್‌ಲೆಂಡಿನ ಯೂಕೊಲಾ ರಿಲೇ. 1949ರಿಂದ ನಡೆಯುತ್ತಿದೆ. ತಂಡಕ್ಕೆ ಏಳು ಜನ, ಏಕೆಂದರೆ ಅಲೆಕ್ಸಿಸ್ ಕಿವಿಯ ಕಾದಂಬರಿಯಲ್ಲಿ ಯೂಕೊಲಾ ಮನೆಯ ಅಣ್ಣತಮ್ಮಂದಿರು ಏಳು ಜನ. ಜೂನ್ ತಿಂಗಳ ಒಂದು ರಾತ್ರಿ ಹನ್ನೊಂದಕ್ಕೆ ಸಾವಿರಕ್ಕೂ ಮಿಕ್ಕಿದ ತಂಡಗಳ ಮೊದಲ ಓಟಗಾರರು ತಲೆಗೆ ದೀಪ ಕಟ್ಟಿಕೊಂಡು ಒಟ್ಟಿಗೇ ಹೊರಡುತ್ತಾರೆ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಮನೆಯಿಂದ ಮನೆಗೆ ದೀಪ ಒಯ್ಯುತ್ತಾರಲ್ಲ, ಅದರ ಸಾವಿರ ಪಟ್ಟು ಅಂದುಕೊಳ್ಳಿ. ಒಬ್ಬರ ಹಿಂದೊಬ್ಬರು ಸುಮ್ಮನೆ ಓಡಿದರಾಯಿತಲ್ಲ ಎಂದು ನಿಮಗನ್ನಿಸಬಹುದು. ಅದಕ್ಕೇ ಒಂದೊಂದು ತಂಡಕ್ಕೆ ಕೆಲವು ಗುರುತುಗಳನ್ನು ಬೇರೆಬೇರೆ ಇಟ್ಟಿರುತ್ತಾರೆ. ಕಣ್ಣುಮುಚ್ಚಿ ಹಿಂಬಾಲಿಸಿದವನು ಪರರ ಗುರುತಿನ ಮುಂದೆ ನಿಂತು ಪೆಚ್ಚಾಗಬೇಕು. ಗೆದ್ದವರು ಬೆಳಗ್ಗೆ ಬಂದು ಮುಟ್ಟಿ, ಮಿಂದು, ನಿದ್ದೆಹೋದ ಮೇಲೂ ನಮ್ಮಂಥವರ ತಂಡಗಳು ಕಾಡಿನೊಳಗೆ ಇನ್ನೂ ಹುಡುಕುತ್ತಲೇ ಇರುತ್ತವೆ.

ಜಿಪಿಎಸ್ ಗಡಿಯಾರ ಬಂದು ಈ ಹರಟೆಗೆ ಸಂಚಕಾರ ತಂದಿದೆ. ಮೊದಲಾದರೆ ಎಡಕ್ಕೆ ಹೋದ್ರಾ ಬಲಕ್ಕೆ ಹೋದ್ರಾ ಎಂದು ಕೇಳಿದಾಗ ನಾಲ್ಕು ಜನ ನಕ್ಷೆಯ ಮೇಲೆ ಬೆರಳಿಟ್ಟು ನಾಲ್ಕು ಕಥೆ ಕಟ್ಟುತ್ತಿದ್ದರು. ಬಂಡೆ ಒಂದಿಷ್ಟು ಬೆಳೆಯುತ್ತಿತ್ತು, ಹಳ್ಳ ಒಂದಿಷ್ಟು ಅಗಲವಾಗುತ್ತಿತ್ತು. ಈಗ ಗೆರೆಯೇ ಎದುರಿಗಿರುತ್ತದೆ, ಅದೇ ಗುಡ್ಡವನ್ನು ಮೂರು ಸಲ ಸುತ್ತಿದ್ದೂ ಅದರಲ್ಲಿ ಕಾಣುತ್ತದೆ. ನಮ್ಮವರು ಆ ಗೆರೆಯನ್ನೇ ನೋಡುತ್ತ "ಇದು ಸಿಗ್ನಲ್ ತೊಂದರೆ" ಎನ್ನುವುದನ್ನು ಕಲಿತಿದ್ದಾರೆ. ಅಜ್ಜನಿಗೂ ಮೊಮ್ಮಗ ಒಂದು ಗಡಿಯಾರ ತಂದುಕೊಟ್ಟಿದ್ದಾನೆ. ಓಟದ ದಿನ ಅದು ಚಾರ್ಜ್ ಆಗಿರುವುದೇ ಇಲ್ಲ. ಕೇಳಿದರೆ ಚಾರ್ಜರ್ ಎಲ್ಲಿಟ್ಟೆನೋ ಗೊತ್ತಿಲ್ಲ ಅನ್ನುತ್ತಾರೆ. ಕಾಡಿನಲ್ಲಿ ಮೀಟರೆತ್ತರದ ಬಂಡೆ ಹುಡುಕಿ ಮುಟ್ಟಿ ಬರುವವರಿಗೆ ಎರಡು ಕೋಣೆಯ ಮನೆಯಲ್ಲಿ ಚಾರ್ಜರ್ ಸಿಗುವುದಿಲ್ಲವಂತೆ.