ಮೇಷ್ಟ್ರ ಲಿನಕ್ಸು

ನಮ್ಮ ಮಾವ ನಿವೃತ್ತ ಗಣಿತದ ಮೇಷ್ಟ್ರು. ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟಿರುವ ಸಣ್ಣಕ್ಷರದ ಚೀಟಿಯನ್ನೂ ಕೊನೆಯ ಸಾಲಿನ ತನಕ ಓದಿಯೇ ಮಾತ್ರೆ ನುಂಗುವವರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮಾವನ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಅರ್ಹವಲ್ಲವಂತೆ. ಎಂಥೆಂಥವರನ್ನೋ ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸಿದವರಿಗೆ ತಮ್ಮ ಲ್ಯಾಪ್‌ಟಾಪು ಫೇಲಾದದ್ದು ಸಹಿಸಲಾಗಲಿಲ್ಲ. ಲಿನಕ್ಸಿನ ಉಬುಂಟು 24.04 ಹಾಕಿಕೊಟ್ಟೆ. ಅತ್ತೆಯವರ ಹಠಕ್ಕೆ ವಿಂಡೋಸೂ ಪಕ್ಕದಲ್ಲೇ ಉಳಿಯಿತು.

ಮೊದಲ ತಕರಾರು ಹೆಸರಿನದೇ. 24 ಅಂದರೆ ಇಸವಿ, 04 ಅಂದರೆ ಏಪ್ರಿಲ್ ಎಂದು ವಿವರಿಸಿದೆ. "ಹಾಗಾದ್ರೆ ಚುಕ್ಕಿ ಯಾಕಿಟ್ರು? ಅಕ್ಟೋಬರಿನದು 24.10. ದಶಮಾಂಶದ ಕೊನೇಲಿ ಸೊನ್ನೆಗೆ ಬೆಲೆ ಇಲ್ಲ ಅಂತ ಮೂವತ್ತು ಬ್ಯಾಚಿಗೆ ಹೇಳಿಕೊಟ್ಟಿದ್ದೀನಿ," ಅಂದರು. ಲಿನಕ್ಸಿಗೆ ಜನ್ಮಕೊಟ್ಟ ಲಿನಸ್ ಟೊರ್ವಾಲ್ಡ್ಸನೇ ಬಂದರೂ ಇದಕ್ಕೆ ಉತ್ತರ ಕೊಡಲಾರ.

ಮರುದಿನ ಫೋನು. "ಅಳಿಯಂದ್ರೇ, ಕೀಬೋರ್ಡ್ ಹೋಯ್ತು. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಕೇಳುತ್ತೆ, ಹೊಡೆದರೆ ಏನೂ ಬೀಳ್ತಿಲ್ಲ."

"ಬೀಳುತ್ತೆ ಮಾವ, ತೋರಿಸಲ್ಲ ಅಷ್ಟೆ. ಹೊಡೆದು ಎಂಟರ್ ಒತ್ತಿ."

"ನಕ್ಷತ್ರಾನೂ ಇಲ್ವಲ್ರೀ?"

"ಎಷ್ಟು ಅಕ್ಷರ ಅನ್ನೋದೂ ಪಕ್ಕದವರಿಗೆ ಗೊತ್ತಾಗಬಾರದು ಅಂತ."

ಪರೀಕ್ಷೆಯಲ್ಲಿ ಕಾಪಿ ಹಿಡಿದವರಿಗೆ ಈ ಎಚ್ಚರ ಬಹಳ ಹಿಡಿಸಿತು.

ಆಮೇಲೊಂದು ದಿನ ಪ್ಯಾಕೇಜ್ ಹಾಕಲು ಹೋದಾಗ 'ಲಾಕ್ ಸಿಗಲಿಲ್ಲ' ಎಂಬ ಎರರ್ ಬಂತು. ಇಂಥ ಹೊತ್ತಿನಲ್ಲಿ ಆ ಲಾಕ್ ಫೈಲನ್ನೇ ಅಳಿಸಿಬಿಡಿ ಎನ್ನುವ ಪರೋಪಕಾರಿಗಳು ಬೇಕಾದಷ್ಟಿದ್ದಾರೆ. ಮಾವ ಪೂರ್ತಿ ಸಾಲು ಓದಿದರು. ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ನಡೆಯುವ ಅಪ್‌ಡೇಟು ಅದನ್ನು ಹಿಡಿದಿದೆ ಎಂದು ಅಲ್ಲೇ ಬರೆದಿತ್ತು. "ಒಳಗೆ ಯಾರೋ ಇದ್ದಾರಂತೆ. ಬಚ್ಚಲಮನೆ ಬಾಗಿಲು ಒಡೆಯೋದು ಯಾಕೆ, ಬರಲಿ," ಎಂದು ಕಾಫಿಗೆ ಎದ್ದರು. ಅವರು ಕುಡಿದು ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಕನ್ನಡಕ್ಕೆ ಕಗಪ ಕೀಬೋರ್ಡ್ ವಿನ್ಯಾಸ ಸೇರಿಸಿಕೊಟ್ಟಿದ್ದೆ. ಸೂಪರ್ ಕೀ (ವಿಂಡೋಸ್ ಚಿಹ್ನೆಯದು) ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪರದೆ ಲಾಕ್ ಆದಾಗ ಸರಿಯಾದ ಪಾಸ್‌ವರ್ಡನ್ನೂ ಅದು ತಪ್ಪು ಎನ್ನತೊಡಗಿದರೆ, ಮೇಲಿನ ಮೂಲೆಯಲ್ಲಿ ಯಾವ ಭಾಷೆಯಿದೆ ನೋಡಿಕೊಳ್ಳಬೇಕು. ಕನ್ನಡಾಭಿಮಾನ ಒಳ್ಳೆಯದೇ, ಆದರೆ ಲಾಗಿನ್ ಆದ ಮೇಲೆ.

ಮಾವನ ದಿಗ್ವಿಜಯ ಮಾತ್ರ ಗಡಿಯಾರದ ವಿಷಯದಲ್ಲಿ. ಉಬುಂಟುವಿನಿಂದ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ಹಿಂದೆ ಬೀಳುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮೂರೂವರೆ ತೋರಿಸುವ ಲ್ಯಾಪ್‌ಟಾಪಿಗೆ ಅತ್ತೆ ಲಿನಕ್ಸನ್ನೇ ಬೈದರು. ಬ್ಯಾಟರಿ ಸೆಲ್ ಬದಲಿಸಿ ಎಂದಿದ್ದ ಒಬ್ಬ ರಿಪೇರಿಯವನು. ಮಾವ ಕಳೆದು ನೋಡಿದರು: ಪ್ರತಿ ಸಲವೂ ಸರಿಯಾಗಿ ಐದೂವರೆ ಗಂಟೆ. "ಕೆಟ್ಟ ಗಡಿಯಾರ ಇಷ್ಟು ಶಿಸ್ತಾಗಿ ತಪ್ಪಲ್ಲ. ಇದು ಗ್ರೀನಿಚ್ಚು!" ನಿಜ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂಬ ಒಂದೇ ಆದೇಶದಿಂದ ಇಬ್ಬರ ಜಗಳ ನಿಂತಿತು. ಅತ್ತೆ-ಮಾವನದಲ್ಲ.

ಈಗ ಬೀದಿಯವರೆಲ್ಲ ಮಾವನಿಗೇ ಫೋನ್ ಮಾಡುತ್ತಾರೆ. ನೀವೂ ಮಾಡುವುದಾದರೆ ಪರದೆಯ ಮೇಲಿರುವುದನ್ನು ಅಕ್ಷರಶಃ ಬರೆದಿಟ್ಟುಕೊಂಡು ಮಾಡಿ. 'ಏನೋ ಎರರ್ ಬರ್ತಿದೆ ಸಾರ್' ಅಂದವರ ಫೋನನ್ನು ಅವರು ಅಲ್ಲಿಗೇ ಇಟ್ಟುಬಿಡುತ್ತಾರೆ.