ಬೆರಕೆ ಮನಿಯ ನಗೆ

ಹಾಸ್ಯಗಾರ ಟ್ರೆವರ್ ನೋವಾ 1984ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದಾಗ ಅವನ ಕಪ್ಪು ಅವ್ವ, ಬಿಳಿ ಅಪ್ಪ ಕೂಡಿದ್ದೇ ಅಲ್ಲಿ ಅಪರಾಧ. ಅದನ್ನೇ ವೇದಿಕೆಗೆ ತಂದು ಜಗತ್ತನ್ನು ನಗಿಸಿದ. ನಮ್ಮ ಇಟಗಿಯಲ್ಲಿ ಅಂಥ ಬಣ್ಣದ ಬೆರಕೆ ಇಲ್ಲ ಬಿಡ್ರಿ. ಆದರೆ ಮಾತಿನ ಬೆರಕೆಗೆ ಬರವಿಲ್ಲ. 1948ರವರೆಗೆ ನಿಜಾಮನ ಸೀಮೆ, ಕಚೇರಿಯಲ್ಲಿ ಉರ್ದು. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ ಸುತ್ತ ಭತ್ತ ಬೆಳೆಯಲು ಬಂದವರ ಕ್ಯಾಂಪುಗಳಲ್ಲಿ ತೆಲುಗು. ಅದೇ ಗಂಗಾವತಿಯ ಹಾಸ್ಯಗಾರ ಪ್ರಾಣೇಶರು ಅಭಿನವ ಬೀಚಿ ಅನ್ನಿಸಿಕೊಂಡದ್ದರಲ್ಲಿ ಈ ನೆಲದ ಮಾತಿನ ಪಾಲೂ ಇದೆ.

ನಮ್ಮ ಓಣಿಯ ಹುಡುಗನೊಬ್ಬನ ಅಪ್ಪ ಇಟಗಿಯವ, ಅವ್ವ ಕ್ಯಾಂಪಿನಾಕಿ. ಮನೆಯಲ್ಲಿ ಒಂದೊಲೆ ಮೇಲೆ ಜೋಳದ ರೊಟ್ಟಿ, ಇನ್ನೊಂದರ ಮೇಲೆ ಗೋಂಗೂರ ಪಪ್ಪು. 1112ರ ಮಹಾದೇವ ಗುಡಿಯ ನಮ್ಮೂರಲ್ಲಿ ಆ ಹುಡುಗ ಮೊನ್ನೆ ಮೈಕ್ ಹಿಡಿದ:

"ನಮ್ಮನ್ಯಾಗ ಬೈಸಿಕೊಳ್ಳೂದು ತೆಲುಗಿನಾಗ, ಹೊಡಿಸಿಕೊಳ್ಳೂದು ಕನ್ನಡದಾಗ. ಅಳೂದಕ್ಕ ಮಾತ್ರ ನನಗ ಸ್ವಾತಂತ್ರ್ಯ!"

ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನ ಅಜ್ಜ ಮಾತ್ರ ಗುಮ್ಮನೆ ಕೂತಿದ್ದ.

"ಯಾಕಜ್ಜಾ, ನಗಲಿಲ್ಲ?"

"ನಗಿ ಬಂದೈತೋ ತಮ್ಮಾ. ಮಗ್ಗಲದಾಗ ನಿಮ್ಮವ್ವ ಕುಂತಾಳ, ನನಗೂ ತೆಲುಗು ತಿಳಿತೈತಿ."